ನಿಮ್ಮ ಶಾಸಕರು ಏನು ಮಾಡಿದ್ದಾರೆ? ದಾಖಲೆ ತೆಗೆದು ನೋಡುವುದು ಹೀಗೆ

ಹುಟ್ಟುಹಬ್ಬದ ಫ್ಲೆಕ್ಸ್ ನೋಡಿ ಶಾಸಕರನ್ನು ಅಳೆಯಬೇಡಿ. ಎದುರು ಪಾರ್ಟಿಯವರ ಮಾತು ಕೇಳಿಯೂ ಬೇಡ. ಕಲಬುರಗಿಯ 9, ಬೀದರಿನ 6, ಯಾದಗಿರಿಯ 4 ಕ್ಷೇತ್ರಗಳಲ್ಲಿ ನಿಮ್ಮದು ಯಾವುದೇ ಇರಲಿ, ಬೇಕಾದ ಲೆಕ್ಕ ಕಾಗದದಲ್ಲೇ ಸಿಗುತ್ತದೆ.

ಮೊದಲು ಅಫಿಡವಿಟ್ ತೆಗೆಯಿರಿ. ನಾಮಪತ್ರದ ಜೊತೆ ಕೊಟ್ಟ ಫಾರ್ಮ್ 26 ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿದೆ. ಓದು, ಆಸ್ತಿ, ಸಾಲ, ಕೇಸು ಎಲ್ಲ ಅದರಲ್ಲಿರುತ್ತದೆ. 2023ರದ್ದು ಮಾತ್ರ ಓದಿ ಬಿಡಬೇಡಿ, 2018ರಲ್ಲೂ ನಿಂತಿದ್ದರೆ ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಜಮೀನಿನ ಕಾಲಂನಲ್ಲಿ ಸರ್ವೆ ನಂಬರ್, ಕೊಂಡ ದಿನ, ಕೊಂಡ ಬೆಲೆ, ಈಗಿನ ಬೆಲೆ ಬೇರೆ ಬೇರೆ ಬರೆದಿರುತ್ತಾರೆ. ಅಪ್ಪನ ಕಾಲದ ಹೊಲದ ಬೆಲೆ ಏರಿದ್ದೇ ಬೇರೆ, ಹೊಸದಾಗಿ ಕೊಂಡಿದ್ದೇ ಬೇರೆ, ಅದನ್ನು ನೋಡದೆ ಆಸ್ತಿ ಡಬಲ್ ಆಯ್ತು ಅಂತ ವಾಟ್ಸಾಪಿಗೆ ಹಾಕುವುದು ಅನ್ಯಾಯ. ಕೇಸೂ ಹಾಗೇ. ಹೋರಾಟದಲ್ಲಿ ರಸ್ತೆ ತಡೆದದ್ದಾ, ವಂಚನೆಯಾ? ಇನ್ನೂ ನಡೀತಿದೆಯಾ, ಶಿಕ್ಷೆ ಆಗಿದೆಯಾ?

ಆಮೇಲೆ ಸದನ. ವಿಧಾನಸಭೆಯ ವೆಬ್‌ಸೈಟಿನಲ್ಲಿ ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲೇ ಬಾಯಿಮಾತಿನ ಉತ್ತರ ಬೇಕೆನ್ನುವುದು), ಗುರುತಿಲ್ಲದ ಪ್ರಶ್ನೆ (ಬರಹದ ಉತ್ತರ ಸಾಕೆನ್ನುವುದು), ಸರ್ಕಾರದ ಉತ್ತರ ಎಲ್ಲ ಇರುತ್ತವೆ. ತೊಗರಿಯ ನೆಟೆ ರೋಗದ ಪರಿಹಾರ ಕೇಳಿದರಾ, ಖಾಲಿ ಇರುವ ಶಿಕ್ಷಕರ ಹುದ್ದೆ ಕೇಳಿದರಾ, ಗುಳೆ ಹೋಗುವವರ ಮಕ್ಕಳ ಬಗ್ಗೆ? ಮಂತ್ರಿಯಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಅವರನ್ನು ಇಲಾಖೆಯ ಕೆಲಸದಿಂದಲೇ ನೋಡಬೇಕು.

ನನ್ನ ಪ್ರಕಾರ ಶಾಸಕರಿಗೆ ಯಾವುದು ಮುಖ್ಯ ಅನ್ನೋದು ಭಾಷಣಕ್ಕಿಂತ ದುಡ್ಡು ಹೋದ ಜಾಗದಲ್ಲಿ ಜಾಸ್ತಿ ಗೊತ್ತಾಗುತ್ತದೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಕೆಲಸ ಸೂಚಿಸುವವರು ಶಾಸಕರು, ಮಂಜೂರು ಮಾಡುವವರು ಡಿಸಿ. ಈ ಲೆಕ್ಕವನ್ನು ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿ ಹಾಕಿ ಕೇಳಬಹುದು. ಇದರ ಮೇಲೆ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ (ಕೆಕೆಆರ್‌ಡಿಬಿ) ಹಣ ಬೇರೆ ಇದೆ, ಅದನ್ನು ಬೇರೆ ಅರ್ಜಿಯಲ್ಲಿ ಕೇಳಿ.

ಡಿಸಿ ಆಫೀಸಿನ ಮಾಹಿತಿ ಅಧಿಕಾರಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಹೀಗೆ ಬರೆಯಿರಿ: "2023-24ರಿಂದ ಇಲ್ಲಿಯವರೆಗೆ ನಮ್ಮ ಕ್ಷೇತ್ರದ ಶಾಸಕರ ನಿಧಿಯಲ್ಲಿ ಮಂಜೂರಾದ ಕಾಮಗಾರಿಗಳ ಪಟ್ಟಿ, ಊರು, ಮೊತ್ತ, ಬಿಡುಗಡೆಯಾದ ಹಣ, ಮುಗಿದ ದಿನಾಂಕ ಕೊಡಿ." ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಯಾಕೆ ಮಾಡಿಲ್ಲ ಅಂತ ಸುಮ್ನೆ ಕೇಳಬೇಡಿ, ದಾಖಲೆಯನ್ನೇ ಕೇಳಿ.

ಪಟ್ಟಿ ಬಂದ ಮೇಲೆ ಊರೂರಿನ ಲೆಕ್ಕ ಹಾಕಿ. ಸಮುದಾಯ ಭವನ ಎಷ್ಟು, ಶಾಲೆ ಕೋಣೆ ಎಷ್ಟು, ತಾಂಡಾಗಳಿಗೆ ಬಂದದ್ದೆಷ್ಟು? ಮುಗಿದಿದೆ ಅಂತ ಬರೆದ ಸಿಸಿ ರಸ್ತೆಯನ್ನು ಹೋಗಿ ಕಣ್ಣಾರೆ ನೋಡಿ, ಪಕ್ಕದಲ್ಲಿ ಚರಂಡಿ ಇದೆಯಾ ಅಂತಲೂ ನೋಡಿ. ಕೆಲಸ ಚೆನ್ನಾಗಿ ಆಗಿದ್ದರೆ ಅದನ್ನೂ ನಾಲ್ಕು ಜನಕ್ಕೆ ಹೇಳಬೇಕು ಅಲ್ವಾ?

30 ದಿನದಲ್ಲಿ ಉತ್ತರ ಬರದಿದ್ದರೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ. ಅದರ ಪೀಠ ಕಲಬುರಗಿಯಲ್ಲೇ ಇದೆ.