ಫರಸಿ ಕೆಳಗಿನ ಬಾಡಿಗೆದಾರರು

ಹಳೇ ಮನೆಯಲ್ಲಿರುವವರು ಒಂದು ಕೆಲಸ ಮಾಡಿ ನೋಡಿ. ರಾತ್ರಿ ಟಿವಿ ಬಂದ್ ಆದ ಮೇಲೆ ಲಟ್ಟಣಿಗೆ ತೊಗೊಂಡು ಪಡಸಾಲೆಯ ಫರಸಿ ಕಲ್ಲುಗಳನ್ನು ಒಂದೊಂದಾಗಿ ಮೆಲ್ಲಗೆ ಬಡಿಯಿರಿ. ಕೆಳಗೆ ಮಣ್ಣು ಗಟ್ಟಿಯಾಗಿ ಕೂತಿದ್ದರೆ ಸಪ್ಪಳ ಮೊಂಡಾಗಿ ಬರುತ್ತದೆ. ಟೊಳ್ಳಿದ್ದರೆ ಖಾಲಿ ಕೊಡ ಬಡಿದ ಹಾಗೆ ಕೇಳುತ್ತದೆ. ಆ ಕಲ್ಲಿಗೆ ಬಳಪದಿಂದ ಒಂದು ಗುರುತು ಹಾಕಿ. ಎಲ್ಲ ಮುಗಿದ ಮೇಲೆ ದೂರ ನಿಂತು ನೋಡಿದರೆ ಗುರುತುಗಳೇ ಇಲಿ ಹೆಗ್ಗಣಗಳ ದಾರಿ ತೋರಿಸುತ್ತವೆ. ನಮ್ಮ ಮನೆಯಲ್ಲಿ ಆ ದಾರಿ ಬಚ್ಚಲಿಂದ ಹೊರಟು, ಅಡುಗೆಮನೆ ಗೋಡೆ ಹಿಡಿದು, ಸೀದಾ ಕಾಳಿನ ಖೋಲಿಗೆ ಹೋಗಿತ್ತು.

ಅಡುಗೆಮನೆ ಬಾಗಿಲ ಹತ್ತಿರದ ಕಲ್ಲೊಂದನ್ನು ಮಗ ಹಾರೆ ಹಾಕಿ ಎಬ್ಬಿಸಿದ. ಕೆಳಗೆ ಒಂದು ಬುಟ್ಟಿ ಹಿಡಿಯುವಷ್ಟು ಜಾಗ ಕೊರೆದಿತ್ತು. ಅದರೊಳಗೆ ಅರ್ಧ ಸೇರಿನಷ್ಟು ತೊಗರಿ, ಮೊಮ್ಮಗನ ಒಂದು ಕಾಲುಚೀಲ, ಕಡಿದ ಸಾಬೂನಿನ ತುಂಡು, ಮತ್ತೆ ಪಾತ್ರೆ ಒರೆಸುವ ಹಸಿರು ಬಟ್ಟೆ. ಆ ಬಟ್ಟೆ ಕಳೆದುಹೋಯ್ತು ಅಂತ ನಾನು ಸೊಸೆಗೆ ಬೈದು ಎರಡು ತಿಂಗಳಾಗಿತ್ತು. ಅವಳು ಬಟ್ಟೆ ನೋಡಿದಳು, ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ.

ನಮ್ಮೂರು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿ ದಂಡೆಗೆ. ಕಲ್ಲು ಮಣ್ಣಿನ ಗೋಡೆ, ಜಂತಿ ಮೇಲೆ ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದ್ ಫರಸಿ. ಬೇಸಿಗೆಯಲ್ಲಿ ಇಂಥ ಮನೆ ಬೇರೆ ಇಲ್ಲ, ಅಷ್ಟು ತಂಪು. ಆದರೆ ಇಲಿ ಹೆಗ್ಗಣಕ್ಕೂ ಅದು ಅಷ್ಟೇ ಇಷ್ಟ. ಹಳೇ ಗೋಡೆ ಅಂದರೆ ಒಂದೇ ಗೋಡೆಯಲ್ಲ. ಒಳಗೊಂದು ಕಲ್ಲಿನ ಸಾಲು, ಹೊರಗೊಂದು ಸಾಲು, ನಡುವೆ ಚಿಪ್ಪುಕಲ್ಲು ಮಣ್ಣು. ಆ ಮಣ್ಣು ವರ್ಷ ವರ್ಷ ಉದುರಿ ಕೆಳಗಿಳಿಯುತ್ತದೆ. ಮೇಲೆ ಖಾಲಿ ಜಾಗ ಉಳಿಯುತ್ತದೆ. ನಾವು ಸುಣ್ಣ ಬಳಿದು ಗೋಡೆ ಚೆಂದ ಆಯ್ತು ಅಂದುಕೊಳ್ಳುತ್ತೇವೆ, ಒಳಗೆ ಅವುಗಳ ಓಣಿಯೇ ಇರುತ್ತದೆ.

ಹೊಳೆ ದಂಡೆಯ ಊರಿಗೆ ವರ್ಷಕ್ಕೆ ಎರಡು ಸಲ ಇಲಿ ಜಾಸ್ತಿ. ಹೊಳೆ ಏರಿದಾಗ ಒಂದು ಸಲ. ದಂಡೆಯ ಮಣ್ಣಿನ ತುಂಬ ಇಲಿಯ ಗುದ್ದುಗಳು, ಅಂದರೆ ಬಿಲಗಳು, ನೀರು ಹೊಕ್ಕ ಕೂಡಲೇ ಇಲಿಗಳೆಲ್ಲ ಊರಿನ ಕಡೆ ಏರುತ್ತವೆ. 2020ರ ಅಕ್ಟೋಬರಿನಲ್ಲಿ ಮೇಲೆ ಮಹಾರಾಷ್ಟ್ರದ ಉಜನಿ ಡ್ಯಾಮಿನ ಕಡೆಯಿಂದ ನೀರು ಬಿಟ್ಟು, ಸೊನ್ನ ಬ್ಯಾರೇಜ್ ದಾಟಿ ಭೀಮಾ ತುಂಬಿ ಹರಿದಾಗ ನಮ್ಮ ಕೆಳಗಿನ ಓಣಿ ಪೂರ್ತಿ ನೀರಿನಲ್ಲಿತ್ತು. ನಾವು ಗಂಜಿ ಕೇಂದ್ರಕ್ಕೆ ಹೋದೆವು. ವಾಪಸ್ ಬಂದು ಬಾಗಿಲು ತೆಗೆದರೆ ಅಟ್ಟದ ಮೇಲೆ ಅವು ಸಂಸಾರ ಹೂಡಿ ಕೂತಿದ್ದವು. ಇನ್ನೊಂದು ಸಲ ಹೊಲ ಖಾಲಿಯಾದಾಗ. ಡಿಸೆಂಬರ್ ಜನವರಿಗೆ ತೊಗರಿ ಕಿತ್ತು ರಾಶಿಯಾದ ಮೇಲೆ, ಆಮೇಲೆ ಹಿಂಗಾರಿ ಜೋಳದ ರಾಶಿಯಾದ ಮೇಲೆ. ಹೊಲದಲ್ಲಿ ಕಾಳು ಮುಗಿಯಿತು, ಚೀಲ ನಮ್ಮ ಮನೆಗೆ ಬಂತು. ಚೀಲದ ಹಿಂದೆ ಅವೂ ಬರುತ್ತವೆ.

ಮೊದಲು ಯಾವುದು ಬಂದಿದೆ ಅಂತ ತಿಳಿದುಕೊಳ್ಳಿ. ಹಿಕ್ಕೆ ನೋಡಿದರೆ ಗೊತ್ತಾಗುತ್ತದೆ. ಜೀರಿಗೆಯಷ್ಟಿದ್ದರೆ ಸಣ್ಣ ಇಲಿ. ಒಣದ್ರಾಕ್ಷಿಯಷ್ಟಿದ್ದರೆ ದೊಡ್ಡದು, ಜಂತಿ ಮೇಲೆ ಓಡಾಡುವ ಮಾಳಿಗೆ ಇಲಿ. ಬಚ್ಚಲ ಹತ್ತಿರ, ಹಿತ್ತಲಲ್ಲಿ ಹೊಸ ಮಣ್ಣು ಗುಡ್ಡೆ ಬಿದ್ದಿದ್ದರೆ ಹೆಗ್ಗಣ. ಉದ್ದ ಮೂತಿ, ಕೆಟ್ಟ ವಾಸನೆ, ಚಿಕ್ ಚಿಕ್ ಅಂತ ಗೋಡೆ ಅಂಚಿಗೆ ಓಡುವುದು ಸೊಂಡಿಲಿ. ಅದು ಇಲಿಯ ಜಾತಿಯೇ ಅಲ್ಲ, ಜಿರಲೆ ಹುಳ ತಿನ್ನುತ್ತದೆ. ಅದನ್ನು ಹೊರಗೆ ಓಡಿಸಿದರೆ ಸಾಕು, ಕೊಲ್ಲಬೇಡಿ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಮಗಳ ನಿಶ್ಚಿತಾರ್ಥಕ್ಕೆ ಹದಿನೈದು ದಿನ ಇತ್ತು. ಮನೆಗೆ ಬೀಗರು ಬರುತ್ತಾರೆ, ಅಷ್ಟರಲ್ಲಿ ಇಲಿ ಕಾಟ ಮುಗಿಸಬೇಕು ಅಂತ ಅಂಗಡಿಯಿಂದ ಇಲಿ ಪಾಷಾಣ ತರಿಸಿದೆ. ಎಲ್ಲ ಮೂಲೆಗೂ ಇಟ್ಟೆ. ಮಾರನೇ ದಿನವೇ ಗೌಂಡಿ ಕರೆದು ಕಂಡ ಕಂಡ ತೂತಿಗೆಲ್ಲ ಸಿಮೆಂಟ್ ಬಡಿಸಿದೆ. ಭಾರೀ ಹುಷಾರಿ ನಾನು ಅಂತ ನನಗೆ ಹೆಮ್ಮೆ. ವಾರಕ್ಕೆ ವಾಸನೆ ಶುರುವಾಯ್ತು. ಪಾಷಾಣ ತಿಂದ ಹೆಗ್ಗಣ ಹೊರಗೆ ಹೋಗಲು ದಾರಿ ಇಲ್ಲದೆ ಗೋಡೆಯೊಳಗೇ ಸತ್ತಿತ್ತು. ಎಲ್ಲಿ ಅಂತ ಗೋಡೆ ಒಡೆಯುವುದು? ಊದಿನಕಡ್ಡಿ, ಲೋಬಾನ, ಏನು ಹಚ್ಚಿದರೂ ಆ ವಾಸನೆ ಮೇಲೆಯೇ. ಬೀಗರನ್ನು ಹೊರಗೆ ಕಟ್ಟೆ ಮೇಲೆ ಕೂರಿಸಿ, 'ಒಳಗೆ ಧಗೆ ಭಾಳ' ಅಂತ ಸುಳ್ಳು ಹೇಳಿದೆವು. ಮಾಘ ಮಾಸದಲ್ಲಿ ಧಗೆ!

ಅವತ್ತಿನಿಂದ ನನ್ನ ಲೆಕ್ಕ ಉಲ್ಟಾ ಆಯ್ತು. ಮೊದಲು ಊಟ ತಪ್ಪಿಸು, ಆಮೇಲೆ ಬೋನು ಇಟ್ಟು ಹಿಡಿ, ಹಿಡಿದಾದ ಮೇಲೆ ತೂತು ಮುಚ್ಚು. ಪಾಷಾಣ ಕಟ್ಟಕಡೆಗೆ, ಅದೂ ಮನೆಯ ಹೊರಗೆ.

ಊಟ ತಪ್ಪಿಸುವುದು ಅಂದರೆ ಕಾಳಿನ ಖೋಲಿಯಿಂದ ಶುರು. ಚೀಲವನ್ನು ಗೋಡೆಗೆ ಒರಗಿಸಿ ಇಡಬೇಡಿ. ಕೆಳಗೆ ಹಲಗೆ ಹಾಕಿ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಒಟ್ಟಿ. ಹಿಂದೆ ಹೋಗಿ ಕಸ ಗುಡಿಸುವಷ್ಟು ಜಾಗ ಇರಬೇಕು. ವರ್ಷದ ಬೇಳೆ, ಜೋಳ ಎಷ್ಟು ಬೇಕೋ ಅಷ್ಟನ್ನು ತಗಡಿನ ಡ್ರಮ್ಮಿಗೆ ಹಾಕಿ. ಪ್ಲಾಸ್ಟಿಕ್ ಡ್ರಮ್ಮು ಅಗ್ಗ, ಆದರೆ ಅದರ ಅಂಚನ್ನು ಇಲಿ ಕಡಿಯುತ್ತದೆ. ಇಲಿಯ ಮುಂದಿನ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ, ಏನಾದರೂ ಕಡಿಯಲೇಬೇಕು ಅದಕ್ಕೆ. ಹಾಗಾಗಿಯೇ ಕರೆಂಟ್ ವೈರನ್ನೂ ಬಿಡುವುದಿಲ್ಲ. ರೊಟ್ಟಿ ಬುಟ್ಟಿ, ಬೆಣ್ಣೆ ಗಡಿಗೆಗೆ ನಮ್ಮತ್ತೆ ನೆಲುವು ಕಟ್ಟುತ್ತಿದ್ದರು. ಹಗ್ಗದ ನಡುವೆ ತೂತು ಮಾಡಿದ ತೆಂಗಿನ ಚಿಪ್ಪನ್ನು ಬೋರಲಾಗಿ ಪೋಣಿಸುತ್ತಿದ್ದರು. ಹಗ್ಗ ಹಿಡಿದು ಇಳಿದ ಇಲಿ ಚಿಪ್ಪಿನ ಮೇಲೆ ಜಾರುತ್ತದೆ. ಫ್ರಿಜ್ ಬಂದ ಮೇಲೂ ನಾನು ಒಂದು ನೆಲುವು ಇಟ್ಟುಕೊಂಡಿದ್ದೇನೆ.

ನೀರನ್ನೂ ನೋಡಿ. ದೊಡ್ಡ ಇಲಿಗೆ ದಿನಾ ನೀರು ಬೇಕು. ಸೋರುವ ನಲ್ಲಿ, ಮುಚ್ಚದ ಹರವಿ, ದನದ ಕಲ್ಲಿನ ದೋಣಿ, ಎಲ್ಲವೂ ಅದಕ್ಕೆ ಕೆರೆ ಇದ್ದ ಹಾಗೆ. ಸಣ್ಣ ಇಲಿಗೆ ಮಾತ್ರ ಅಷ್ಟು ಬೇಡ, ಕಾಳಿನೊಳಗಿನ ಪಸೆಯಲ್ಲೇ ಬದುಕುತ್ತದೆ. ಹಿತ್ತಲಲ್ಲಿ ತೊಗರಿ ಕಟ್ಟಿಗೆ, ಕುಳ್ಳು ಒಟ್ಟಿರುತ್ತೀರಲ್ಲ, ಅದನ್ನು ಗೋಡೆಗೆ ತಾಗಿಸಿ ಒಟ್ಟಬೇಡಿ. ತೊಗರಿ ಕಟ್ಟಿಗೆಯ ಒಟ್ಟಿಲು ಇಲಿಗೆ ಅರಮನೆ. ಇಲಿ ಇದ್ದಲ್ಲಿ ಹಾವು ಬರುತ್ತದೆ. ಕಟ್ಟಿಗೆ ಎಳೆಯುವಾಗ ಕೈ ಹಾಕಬೇಡಿ, ಕೋಲಿನಿಂದ ಎಳೆಯಿರಿ.

ಇನ್ನು ಬೋನಿನ ವಿಷಯ. ನಮ್ಮತ್ತೆ ಮನೆಯಲ್ಲಿ ಯಾರೂ ಇಲಿ ಹಿಡಿಯುವ ಮಾತನ್ನು ಜೋರಾಗಿ ಆಡುವ ಹಾಗಿರಲಿಲ್ಲ. 'ಸುಮ್ನಿರು ಯವ್ವಾ, ಅವಕ್ಕ ಕೇಳಸ್ತದ' ಅನ್ನುತ್ತಿದ್ದರು. ಕೇಳಿಸಿಕೊಂಡರೆ ಬೋನಿಗೆ ಬರುವುದಿಲ್ಲ, ಸಿಟ್ಟಿಗೆ ಸೀರೆ ಕಡಿಯುತ್ತವೆ ಅಂತ. ಗಣಪತಿ ಕೂತ ದಿನಗಳಲ್ಲಂತೂ ಬೋನು ಮುಟ್ಟುವುದೇ ಇಲ್ಲ. ನನಗೆ ಆಗ ನಗು ಬರುತ್ತಿತ್ತು. ಈಗ ಅನಿಸುತ್ತದೆ, ಅತ್ತೆ ಕಂಡಿದ್ದು ನಿಜ, ಕಾರಣ ಮಾತ್ರ ಬೇರೆ. ದೊಡ್ಡ ಇಲಿಗೆ ಹೊಸ ವಸ್ತು ಅಂದರೆ ಭಯ. ಅದರ ದಾರಿಯಲ್ಲಿ ಹೊಸ ಬೋನು ಕಂಡರೆ ಮೂರು ನಾಲ್ಕು ದಿನ ಸುತ್ತಿ ಹೋಗುತ್ತದೆ. ಹಾಗಾಗಿ ಬೋನನ್ನು ಮೊದಲು ಹೂಡದೆ ಸುಮ್ನೆ ಇಡಿ. ಒಳಗೆ ದಿನಾ ತಿನಿಸು ಹಾಕಿ, ತಿಂದು ಹೋಗಲಿ. ಐದನೇ ದಿನ ಹೂಡಿ. ಸಣ್ಣ ಇಲಿ ಹಾಗಲ್ಲ, ಹೊಸದು ಕಂಡರೆ ಮೂಸಿ ನೋಡಲೇಬೇಕು ಅದಕ್ಕೆ. ಇಟ್ಟ ರಾತ್ರಿಯೇ ಬೀಳುತ್ತದೆ.

ತಿನಿಸಿಗೆ ಏನೇನೋ ಹೇಳುತ್ತಾರೆ. ನನ್ನ ಅನುಭವದಲ್ಲಿ ಹುರಿದ ಶೇಂಗಾ ಕುಟ್ಟಿ ಬೆಲ್ಲ ಸೇರಿಸಿದ ಉಂಡೆ ಎಲ್ಲಕ್ಕಿಂತ ಚಲೋ. ಸುಟ್ಟ ಕೊಬ್ಬರಿ, ಹಿಂದಿನ ದಿನದ ಬಜಿಯೂ ನಡೆಯುತ್ತದೆ. ಅದನ್ನು ದಾರದಿಂದ ಕೊಂಡಿಗೆ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಎತ್ತಿಕೊಂಡು ಹೋಗುತ್ತದೆ, ಬೋನು ಬಾಯಿ ತೆರೆದುಕೊಂಡೇ ಇರುತ್ತದೆ. ಇಡುವ ಜಾಗ ಗೋಡೆಯ ಅಂಚು. ಇಲಿ ಮನೆ ನಡುವೆ ಓಡಾಡುವುದಿಲ್ಲ, ಮೀಸೆ ಗೋಡೆಗೆ ತಾಗಿಸಿಕೊಂಡೇ ಹೋಗುತ್ತದೆ. ದಿನಾ ಹೋಗುವ ದಾರಿಯಲ್ಲಿ ಗೋಡೆಗೆ ಎಣ್ಣೆ ಜಿಡ್ಡಿನ ಕರಿ ಗೆರೆ ಬಿದ್ದಿರುತ್ತದೆ. ಗೆರೆ ಕಾಣದಿದ್ದರೆ ರಾತ್ರಿ ಒಂದಿಷ್ಟು ರಂಗೋಲಿ ಪುಡಿ ಉದುರಿಸಿ, ಬೆಳಗ್ಗೆ ಹೆಜ್ಜೆ ನೋಡಿ. ಒಂದೇ ಬೋನು ಸಾಕಾಗುವುದಿಲ್ಲ. ಸಣ್ಣ ಇಲಿ ಮೂರು ವಾರಕ್ಕೊಮ್ಮೆ ಮರಿ ಹಾಕುತ್ತದೆ, ಆ ಮರಿಗಳೂ ಎರಡು ತಿಂಗಳೊಳಗೆ ತಾಯಾಗುತ್ತವೆ. ವಾರಕ್ಕೊಂದು ಹಿಡಿದರೆ ಲೆಕ್ಕ ಎಂದೂ ಮುಗಿಯುವುದಿಲ್ಲ. ನಾಲ್ಕೈದು ಬೋನು ಓಣಿಯವರಿಂದ ಕೇಳಿ ತಂದು ಒಟ್ಟಿಗೆ ಇಡಿ. ಹಿಡಿದದ್ದನ್ನು ಪಕ್ಕದ ಓಣಿಗೆ ಬಿಡುವ ಧರ್ಮ ಮಾಡಬೇಡಿ. ಪಕ್ಕದ ಓಣಿಯವರೂ ಅದೇ ಧರ್ಮ ಮಾಡುತ್ತಿರುತ್ತಾರೆ.

ಅಂಟಿನ ಹಲಗೆ ನನಗೆ ಸೇರುವುದಿಲ್ಲ. ರಾತ್ರಿಯೆಲ್ಲ ಒದ್ದಾಡುವ ಸಪ್ಪಳ ಕೇಳುತ್ತ ಮಲಗಲು ಆಗುವುದಿಲ್ಲ, ಒಮ್ಮೊಮ್ಮೆ ಗುಬ್ಬಿಯೂ ಸಿಕ್ಕಿಬೀಳುತ್ತದೆ. ಪ್ಲಗ್ಗಿಗೆ ಹಾಕುವ ಸಪ್ಪಳದ ಯಂತ್ರವನ್ನು ಅಳಿಯ ತಂದಿದ್ದ. ನಾಲ್ಕು ದಿನ ಇಲಿಗಳು ಗಾಬರಿಯಾದವು, ಐದನೇ ದಿನ ಅದರ ಮೇಲೆಯೇ ಹಿಕ್ಕೆ ಹಾಕಿದ್ದವು.

ಬೋನು ಖಾಲಿ ಬರತೊಡಗಿದ ಮೇಲೆ ತೂತು. ಪೆನ್ಸಿಲ್ ಹೋಗುವ ಸಂದಿಯಲ್ಲಿ ಸಣ್ಣ ಇಲಿ ಹೋಗುತ್ತದೆ, ಹೆಬ್ಬೆರಳು ಹೋಗುವಲ್ಲಿ ದೊಡ್ಡದು. ತೂತಿಗೆ ಪೇಪರ್ ಉಂಡೆ ತುರುಕಿ ಎರಡು ದಿನ ಬಿಡಿ. ಉಂಡೆ ಹೊರಗೆ ಬಿದ್ದಿದ್ದರೆ ಒಳಗೆ ಇನ್ನೂ ಯಾರೋ ಇದ್ದಾರೆ, ಅಲ್ಲಿಗೆ ಮತ್ತೆ ಬೋನು. ಅಲ್ಲೇ ಇದ್ದರೆ ಮುಚ್ಚಿ. ಮಣ್ಣಿನ ಗೋಡೆಗೆ ಬರೀ ಸಿಮೆಂಟ್ ಹಿಡಿಯುವುದಿಲ್ಲ, ಒಂದೆರಡು ಮಳೆಗಾಲಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ ಮಾಡಿ. ಮೊದಲು ತಂತಿ ಜಾಳಿಗೆಯ ತುಂಡನ್ನೋ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನೋ ಒಳಗೆ ಒತ್ತಿ, ಮೇಲೆ ಗಾರೆ ಮೆತ್ತಿ. ನಮ್ಮತ್ತೆ ಗಾರೆಗೆ ಒಡೆದ ಬಳೆ ಚೂರು ಸೇರಿಸುತ್ತಿದ್ದರು. ಹಳೇ ತೇಪೆ ಕೆದರಿದರೆ ಈಗಲೂ ಹಸಿರು ಬಳೆ ಚೂರು ಮಿಂಚುತ್ತದೆ, ಅಲ್ಲಿ ಮಾತ್ರ ಯಾವ ಇಲಿಯೂ ಕೊರೆದಿಲ್ಲ.

ಟೊಳ್ಳು ಫರಸಿ ಎಬ್ಬಿಸಿ, ಕೆಳಗೆ ಮುರುಮು ಜಲ್ಲಿ ತುಂಬಿ ನೀರು ಹಾಕಿ ದಮ್ಮಸ್ಸು ಮಾಡಿ ಕೂರಿಸಬೇಕು. ಬರೀ ಸಂದಿಗೆ ಗಾರೆ ತುಂಬಿದರೆ ಒಳಗಿನ ಓಣಿ ಹಾಗೇ ಉಳಿಯುತ್ತದೆ. ಹೊಸ್ತಿಲು ಸವೆದ ಬಾಗಿಲಿಗೆ ಕೆಳಗೆ ತಗಡಿನ ಪಟ್ಟಿ ಹೊಡೆಸಿ. ಮಾಳಿಗೆಯ ಬೆಳಕಿಂಡಿಗೆ ಜಾಳಿಗೆ ಹಾಕಿಸಿ. ಮಾಳಿಗೆಗೆ ತಾಗುವ ಬೇವಿನ ಟೊಂಗೆಯನ್ನು ನಾಲ್ಕು ಅಡಿ ದೂರಕ್ಕೆ ಕಡಿಸಿ. ಎಲ್ಲಕ್ಕಿಂತ ಮುಖ್ಯ ಬಚ್ಚಲ ತೂಬು. ಗಟಾರದಿಂದ ಹೆಗ್ಗಣ ಬರುವ ಹೆದ್ದಾರಿ ಅದೇ. ಬೆಕ್ಕು ಇದೆ ಅಂತ ಧೈರ್ಯ ಬೇಡ, ಬಲಿತ ಹೆಗ್ಗಣದ ಎದುರು ನಮ್ಮ ಬೆಕ್ಕು ಕಿಟಕಿ ಹತ್ತಿ ಕೂರುತ್ತದೆ. ತೂಬಿಗೆ ಬೆರಳು ಹೋಗದ ಕಬ್ಬಿಣದ ಜಾಳಿ ಕೂರಿಸಿ.

ಪಾಷಾಣ ಬೇಕೇಬೇಕು ಅನ್ನುವವರಿಗೆ ಎರಡು ಮಾತು. ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಕೆಲವು ದಿನ ಬೇಕು. ಹಾಗಾಗಿ ಬೇರೆ ಇಲಿಗಳಿಗೆ ಅನುಮಾನ ಬರುವುದಿಲ್ಲ. ಆದರೆ ಬಿಲ್ಲೆ ಬಣ್ಣ ಬಣ್ಣವಾಗಿ ಮಕ್ಕಳಿಗೆ ಮಿಠಾಯಿಯ ಹಾಗೆ ಕಾಣುತ್ತದೆ. ಒಂದೂವರೆ ಅಡಿ ಪೈಪಿನ ತುಂಡಿನೊಳಗೆ ತಂತಿಯಿಂದ ಕಟ್ಟಿ, ಹಿತ್ತಲ ಗೋಡೆ ಅಂಚಿಗೆ ಇಡಿ. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟನ್ನು ಮನೆಯೊಳಗೆ ತರಲೇಬೇಡಿ. ಅದು ಹೊಟ್ಟೆಗೆ ಹೋದವರು ಮೊದಲ ಒಂದೆರಡು ದಿನ ಆರಾಮಾಗಿ ಕಾಣುತ್ತಾರೆ, ಆಮೇಲೆ ಲಿವರ್ ಕೈಕೊಡುತ್ತದೆ. ಯಾವ ಪಾಷಾಣವಾದರೂ ಮಗು ಬಾಯಿಗೆ ಹಾಕಿಕೊಂಡಿದ್ದರೆ, ಚೆನ್ನಾಗಿ ಆಡುತ್ತಿದ್ದರೂ, ಪಾಕೀಟು ಸಮೇತ ಅದೇ ಗಳಿಗೆ ದವಾಖಾನೆಗೆ ಓಡಿ. ಕಾಳಿಗೆ ಹಾಕುವ ಗುಳಿಗೆಯನ್ನು ಇಲಿ ಗುದ್ದಿಗೆ ಹಾಕುವವರಿದ್ದಾರೆ. ಅದರಿಂದ ಬರುವುದು ವಿಷದ ಗಾಳಿ. ಗೋಡೆ ಬಿರುಕಿನಿಂದ ಪಕ್ಕದ ಖೋಲಿಗೂ ಬರುತ್ತದೆ, ಮಲಗಿದವರ ಜೀವ ಹೋಗುತ್ತದೆ. ಜನ ಇರುವ ಮನೆಯಲ್ಲಿ ಅದು ಬೇಡವೇ ಬೇಡ.

ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹೊಳೆಗೆ ಎಸೆಯಬೇಡಿ, ಆಳವಾಗಿ ಹೂಳಿ. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಿದರೆ ಧೂಳು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಒರೆಸಿ. ಹೊಳೆ ಇಳಿದ ಮೇಲೆ ಕೆಸರು ತೆಗೆಯುವಾಗ ಬರಿಗಾಲಲ್ಲಿ ನಿಲ್ಲಬೇಡಿ. ಆ ಕೆಸರಿನಲ್ಲಿ ಇಲಿಯ ಉಚ್ಚೆ ಸೇರಿರುತ್ತದೆ. ನಮ್ಮ ಹೆಣ್ಣುಮಕ್ಕಳ ಒಡೆದ ಹಿಮ್ಮಡಿಯ ಬಿರುಕು ಇಲಿ ಜ್ವರಕ್ಕೆ ಬಾಗಿಲಿದ್ದ ಹಾಗೆ. ಒಂದೆರಡು ವಾರದೊಳಗೆ ಜ್ವರ ಬಂದು, ಮೀನಖಂಡ ಹಿಡಿದುಕೊಂಡು, ಕಣ್ಣು ಕೆಂಪಾದರೆ ಮನೆ ಮದ್ದು ಮಾಡುತ್ತ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ, ಹೊಳೆ ಕೆಸರಿನಲ್ಲಿ ಓಡಾಡಿದ್ದೆ ಅಂತ ಕೇಳದೆಯೂ ಹೇಳಿ. ಬೇಗ ಹೋದರೆ ಗುಣವಾಗುವ ಜ್ವರ ಅದು.

ಈಗ ಮಳೆಗಾಲದಲ್ಲಿ ಹೊಳೆ ಬರುತ್ತದೆ ಅಂತ ಮೈಕಿನಲ್ಲಿ ಕೂಗಿದರೆ ನಾನು ಮೊದಲು ಬಚ್ಚಲ ತೂಬಿನ ಮೇಲೆ ಅರೆಯುವ ಕಲ್ಲು ಉರುಳಿಸುತ್ತೇನೆ, ಆಮೇಲೆ ಬ್ಯಾಗು ತುಂಬುತ್ತೇನೆ. 'ಅವ್ವಾ, ಮೊದ್ಲ ಕಾಗದಪತ್ರ ತೊಗೊ' ಅಂತ ಮಗ ಕೂಗುತ್ತಾನೆ. ಕಾಗದಪತ್ರ ತಗಡಿನ ಡಬ್ಬಿಯಲ್ಲಿ, ನೆಲುವಿನ ಮೇಲಿದೆ.