ಗುಂಪನ್ನು ಸುತ್ತುವ ಗೆರೆ: ಹೊಯ್ಸಳ ಗುಡಿಗಳ ನಕ್ಷೆಗಾಗಿ ಕೋಡ್ ಬರೆದ ನನ್ನ ಅನುಭವ

ಹಾಸನದ ಕಾಲೇಜೊಂದರಲ್ಲಿ ಗಣಿತ ಕಲಿಸುವ ನಾನು ಪಾಠದ ಚಿತ್ರಗಳನ್ನು ಮೌಸ್ ಹಿಡಿದು ಎಳೆಯುವುದಿಲ್ಲ. ಪುಟಗಳನ್ನು ಕೋಡಿನಿಂದ ಜೋಡಿಸುವ ಲೇಟೆಕ್ ತಂತ್ರಾಂಶದಲ್ಲಿ ಚಿತ್ರ ಬರೆಯಲೆಂದೇ ಇರುವ ಟಿಕ್‌ಜೆಡ್‌ನಲ್ಲಿ ಕೋಡ್ ರೂಪದಲ್ಲಿಯೇ ಬರೆಯುತ್ತೇನೆ. ಇತಿಹಾಸ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ಪ್ರವಾಸಕ್ಕೆ ಹೊರಟ ವಿದ್ಯಾರ್ಥಿಗಳಿಗಾಗಿ ಸುತ್ತಲಿನ ಹೊಯ್ಸಳ ದೇವಾಲಯಗಳ ನಕ್ಷೆಯೊಂದನ್ನು ನನ್ನಿಂದ ಕೇಳಿದರು. ಊರುಗಳು ಬಿಂದುಗಳಾಗಿರಬೇಕು, ಹೆಸರಾದ ಶಿವಾಲಯಗಳಿರುವ ಊರುಗಳನ್ನು ಒಂದು ಆಕೃತಿಯೂ ವಿಷ್ಣುವಿನ ಗುಡಿಗಳಿರುವ ಊರುಗಳನ್ನು ಇನ್ನೊಂದು ಆಕೃತಿಯೂ ಸುತ್ತುವರಿಯಬೇಕು ಎಂಬುದು ಅವರ ಅಪೇಕ್ಷೆಯಾಗಿತ್ತು.

ಶಿವನ ಗುಂಪಿಗೆ ಹಳೇಬೀಡು, ಕೋರವಂಗಲ, ಅರಸೀಕೆರೆ ಮತ್ತು ತರೀಕೆರೆ ತಾಲ್ಲೂಕಿನ ಅಮೃತಾಪುರ ಸೇರಿದವು. ವಿಷ್ಣುವಿನ ಗುಂಪಿಗೆ ಬೇಲೂರು, ಬೆಳವಾಡಿ, ಜಾವಗಲ್, ನುಗ್ಗೇಹಳ್ಳಿ ಸೇರಿದವು. ಸೋಮೇಶ್ವರ, ಚೆನ್ನಕೇಶವ ಇಬ್ಬರ ಗುಡಿಗಳೂ ಇರುವ ಹಾರನಹಳ್ಳಿ, ಶಿವನಿಗೊಂದು ವಿಷ್ಣುವಿಗೊಂದು ಎಂಬಂತೆ ಜೋಡಿ ಗುಡಿಗಳು ನಿಂತಿರುವ ಮೊಸಳೆ, ಒಂದೇ ದೇವಾಲಯದಲ್ಲಿ ಲಕ್ಷ್ಮಿ, ಕಾಳಿ, ವಿಷ್ಣು, ಶಿವರ ನಾಲ್ಕು ಗರ್ಭಗುಡಿಗಳನ್ನು ಹೊಂದಿರುವ ದೊಡ್ಡಗದ್ದವಳ್ಳಿ, ಈ ಮೂರೂ ಎರಡು ಗುಂಪಿಗೂ ಸಲ್ಲುತ್ತವೆ. ಆದುದರಿಂದ ಆಕೃತಿಗಳು ಒಂದರ ಮೇಲೊಂದು ಹಾಯುವುದು ಅನಿವಾರ್ಯವಾಗಿತ್ತು.

ಟಿಕ್‌ಜೆಡ್‌ನಲ್ಲಿ ಇಂಥ ಕೆಲಸಕ್ಕೆ ಎಲ್ಲರೂ ಮೊದಲು ತೆಗೆದುಕೊಳ್ಳುವುದು ಫಿಟ್ ಎಂಬ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಂತೆ. ಬಿಂದುಗಳ ಹೆಸರು ಕೊಟ್ಟರೆ ಅವೆಲ್ಲವನ್ನೂ ಒಳಗೊಳ್ಳುವ ಆಯತವನ್ನೋ ದೀರ್ಘವೃತ್ತವನ್ನೋ ಅದು ತಾನೇ ಕಟ್ಟಿಕೊಡುತ್ತದೆ. ಸಾಲಾಗಿ ನಿಂತ ಚೌಕಗಳ ಫ್ಲೋಚಾರ್ಟಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ನಕ್ಷೆಯಲ್ಲಿ ಮಾತ್ರ ಬೇಲೂರಿನಿಂದ ನುಗ್ಗೇಹಳ್ಳಿಯವರೆಗೆ ಆಯತ ಹಾಕಿದರೆ ಹೆಚ್ಚುಕಡಿಮೆ ಅರ್ಧ ಜಿಲ್ಲೆಯೇ ಅದರೊಳಗೆ ಬರುತ್ತದೆ.

ಮುಂದಿನ ದಾರಿ ಕಾನ್ವೆಕ್ಸ್ ಹಲ್, ಅಂದರೆ ಎಲ್ಲ ಬಿಂದುಗಳನ್ನೂ ಒಳಗೊಳ್ಳುವ ಅತ್ಯಂತ ಚಿಕ್ಕ ಪೀನ (ಎಲ್ಲಿಯೂ ಒಳಕ್ಕೆ ಬಾಗದ) ಬಹುಭುಜ. ಇದಕ್ಕೆ ನಾನು ಬಳಸುವುದು ಆಂಡ್ರ್ಯೂ ಎಂಬವರು 1979ರಲ್ಲಿ ಪ್ರಕಟಿಸಿದ ಕ್ರಮ. ಬಿಂದುಗಳನ್ನು ಎಡದಿಂದ ಬಲಕ್ಕೆ ಜೋಡಿಸಿಕೊಂಡು, ಒಂದೊಂದನ್ನಾಗಿ ಸೇರಿಸುತ್ತ ಹೋಗಬೇಕು. ಕೊನೆಯ ಮೂರು ಬಿಂದುಗಳು ಎಡಕ್ಕೆ ತಿರುಗದಿದ್ದರೆ ನಡುವಿನದನ್ನು ಕೈಬಿಡಬೇಕು. ಹೀಗೆ ಕೆಳಗಿನ ಅಂಚು ಸಿಕ್ಕ ಮೇಲೆ ಬಲದಿಂದ ಎಡಕ್ಕೆ ಅದೇ ಕೆಲಸ ಮಾಡಿದರೆ ಮೇಲಿನ ಅಂಚೂ ಸಿಗುತ್ತದೆ. ಲೇಟೆಕ್‌ನ ಒಂದು ರೂಪವಾದ ಲುವಾಲೇಟೆಕ್‌ನಲ್ಲಿ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕೈಗೆ ಸಿಗುವುದರಿಂದ ಇದನ್ನು ದಾಖಲೆಯೊಳಗೇ ಬರೆದುಕೊಳ್ಳಬಹುದು. ಇದೇ ಕೋಡನ್ನು ವೆಬ್ ಪುಟಗಳ ಚಿತ್ರ ಮಾದರಿಯಾದ ಎಸ್‌ವಿಜಿಗೆ ಒಯ್ಯುವವರು ಗಮನಿಸಬೇಕಾದ ಸಂಗತಿಯೊಂದಿದೆ: ಅಲ್ಲಿ ವೈ ಅಕ್ಷ ಕೆಳಮುಖವಾಗಿರುವುದರಿಂದ ಕಣ್ಣಿಗೆ ಕಾಣುವ ಎಡ ಬಲಗಳು ಅದಲು ಬದಲಾಗುತ್ತವೆ, ಅಂಚನ್ನು ಹೊರಕ್ಕೆ ಸರಿಸುವ ಲೆಕ್ಕದ ಚಿಹ್ನೆಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳದಿದ್ದರೆ ಅದು ಒಳಕ್ಕೆ ಸರಿಯುತ್ತದೆ.

ಹಲ್‌ನ ಮೂಲೆಗಳು ಬಿಂದುಗಳ ಮೇಲೆಯೇ ಕೂರುವುದರಿಂದ ಸ್ವಲ್ಪ ಅಂತರ ಬೇಕು. ಪ್ರತಿ ಭುಜವನ್ನೂ ಹೊರಕ್ಕೆ ಸರಿಸಿ ಮೂಲೆಗಳಲ್ಲಿ ಕಂಸ ಸೇರಿಸುವ ಲೆಕ್ಕ ಕಷ್ಟದ್ದಲ್ಲ. ಆದರೆ ಬಹುಭುಜಕ್ಕೆ ಬಣ್ಣ ತುಂಬಿ, ಅದೇ ಬಣ್ಣದ ದಪ್ಪ ಗೆರೆಯನ್ನು ದುಂಡು ಮೂಲೆಗಳೊಂದಿಗೆ ಅಂಚಿಗೆ ಎಳೆದರೂ ಅದೇ ಆಕೃತಿ ಬರುತ್ತದೆ. ಪಾರದರ್ಶಕ ಬಣ್ಣವಾದರೆ ಎರಡನ್ನೂ ಒಂದೇ ಟ್ರಾನ್ಸ್‌ಪರೆನ್ಸಿ ಗ್ರೂಪ್‌ನಲ್ಲಿ (ಒಂದೇ ಚಿತ್ರವೆಂಬಂತೆ ಪಾರದರ್ಶಕವಾಗುವ ಗುಂಪಿನಲ್ಲಿ) ಇಡಬೇಕು, ಇಲ್ಲದಿದ್ದರೆ ಅಂಚಿನ ಒಳಭಾಗದಲ್ಲಿ ಬಣ್ಣ ಎರಡು ಪದರವಾಗಿ ಕಪ್ಪಾಗುತ್ತದೆ. ಊರಿನ ಹೆಸರೂ ಆಕೃತಿಯೊಳಗೆ ಇರಬೇಕಾದರೆ ಬಿಂದುವಿನ ಜೊತೆಗೆ ಹೆಸರಿನ ಚೌಕಟ್ಟಿನ ನಾಲ್ಕು ಮೂಲೆಗಳನ್ನೂ ಹಲ್‌ಗೆ ಕೊಡಬೇಕು. ದೊಡ್ಡಗದ್ದವಳ್ಳಿ ಎಂದು ಬರೆದರೆ ಸಾಲಿನ ಕೆಳಗೆ ಮೂರು ಒತ್ತಕ್ಷರಗಳು ಇಳಿಯುತ್ತವೆ. ಬಿಂದುವಿನಿಂದ ಮಾತ್ರ ಅಂತರ ಅಳೆದರೆ ಗೆರೆ ಆ ಒತ್ತುಗಳನ್ನು ಸೀಳಿಕೊಂಡು ಹೋಗುತ್ತದೆ.

ಇಷ್ಟೆಲ್ಲ ಅಚ್ಚುಕಟ್ಟಾಗಿದ್ದರೂ ವಿಷ್ಣುವಿನ ಗುಂಪಿಗೆ ಹಲ್ ಸಲ್ಲಲಿಲ್ಲ. ಪಶ್ಚಿಮಕ್ಕೆ ಬೇಲೂರು, ಉತ್ತರಕ್ಕೆ ಬೆಳವಾಡಿ ಮತ್ತು ಜಾವಗಲ್, ಪೂರ್ವಕ್ಕೆ ನುಗ್ಗೇಹಳ್ಳಿ, ದಕ್ಷಿಣಕ್ಕೆ ಮೊಸಳೆ ಇರುವಾಗ ಹೊಯ್ಸಳೇಶ್ವರನೆಂಬ ಶಿವನ ಗುಡಿಯಿರುವ ಹಳೇಬೀಡು ನಡುವೆ ಸಿಕ್ಕಿಬೀಳುತ್ತದೆ. ಪ್ರಿಂಟ್ ನೋಡಿದ ಸಹೋದ್ಯೋಗಿ, "ಮೇಡಂ, ಹೊಯ್ಸಳೇಶ್ವರನೇ ವಿಷ್ಣುವಿನ ಗೆರೆಯೊಳಗೆ ಕೂತಿದ್ದಾನಲ್ಲ, ಹುಡುಗರು ಹಾಗೆಯೇ ಓದಿಕೊಳ್ಳುತ್ತಾರೆ" ಎಂದರು. ಅವರ ಮಾತು ಸರಿ. ಮುಚ್ಚಿದ ಆಕೃತಿಯನ್ನು ಕಂಡವರು ಅದರೊಳಗಿನದೆಲ್ಲ ಒಂದು ಗುಂಪಿನದೆಂದು ನಂಬುತ್ತಾರೆ. ಹೊರಗಿನ ಬಿಂದುವೊಂದು ಒಳಗೆ ಬಂದರೆ ಗೆರೆ ಎಷ್ಟೇ ನಯವಾಗಿದ್ದರೂ ಚಿತ್ರ ಹೇಳುವುದು ಸುಳ್ಳು. ಹಾಗಾಗಿ ಗುಂಪಿನವರೆಲ್ಲ ಒಳಗಿದ್ದಾರೆಯೇ ಎಂಬುದರ ಜೊತೆಗೆ ಹೊರಗಿನವರೆಲ್ಲ ಹೊರಗಿದ್ದಾರೆಯೇ ಎಂದೂ ಕೋಡ್ ಪರೀಕ್ಷಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಹಲ್ ಬಿಟ್ಟು ನಾನು ಹಿಡಿದದ್ದು ದಪ್ಪ ಪಟ್ಟಿಯ ವಿಧಾನ. ಗುಂಪಿನ ಬಿಂದುಗಳನ್ನು ಮರದಂತೆ, ಎಲ್ಲಿಯೂ ಸುತ್ತು ಮುಚ್ಚಿಕೊಳ್ಳದ ಹಾಗೆ ಗೆರೆಗಳಿಂದ ಜೋಡಿಸಿ, ಆ ಕೊಂಬೆಗಳ ಮೇಲೆ 24 ಪಾಯಿಂಟ್ ದಪ್ಪದ, ದುಂಡು ತುದಿಯ ಗೆರೆ ಎಳೆದರೆ ಸಾಕು, ಬಿಂದುಗಳನ್ನೆಲ್ಲ ಒಳಗೊಂಡ ಆಕೃತಿ ಸಿದ್ಧವಾಗುತ್ತದೆ. ಅದನ್ನು ಬ್ಯಾಕ್‌ಗ್ರೌಂಡ್ ಪದರದಲ್ಲಿ ಇಡಬೇಕು, ಆಗ ಬಿಂದುಗಳೂ ಹೆಸರುಗಳೂ ಮೇಲೆ ಉಳಿಯುತ್ತವೆ. ಒಟ್ಟು ಉದ್ದ ಅತಿ ಕಡಿಮೆ ಇರುವ ಮರವನ್ನು, ಅಂದರೆ ಮಿನಿಮಮ್ ಸ್ಪ್ಯಾನಿಂಗ್ ಟ್ರೀಯನ್ನು, ಲುವಾದಲ್ಲಿ ಲೆಕ್ಕ ಹಾಕಿಸಿದೆ. ವಿಷ್ಣುವಿನ ಪಟ್ಟಿ ನುಗ್ಗೇಹಳ್ಳಿಯಿಂದ ಹಾರನಹಳ್ಳಿ, ಜಾವಗಲ್, ಬೆಳವಾಡಿ ಹಾಯ್ದು ಬೇಲೂರಿಗೆ ಇಳಿದು, ಅಲ್ಲಿಂದ ದೊಡ್ಡಗದ್ದವಳ್ಳಿಗೂ ಮೊಸಳೆಗೂ ಬಳಸಿ ಹೋಯಿತು. ಹಳೇಬೀಡು ಆ ಬಾಗಿನ ನಡುವಿನ ಖಾಲಿ ಜಾಗದಲ್ಲಿ ಉಳಿಯಿತು.

ಶಿವನ ಪಟ್ಟಿಯಲ್ಲಿ ಇನ್ನೊಂದು ನಿಯಮ ಬೇಕಾಯಿತು. ಅಮೃತಾಪುರವನ್ನು ಉಳಿದವುಗಳಿಗೆ ಜೋಡಿಸಲು ಹತ್ತಿರದ ಊರು ಹಳೇಬೀಡು, ಆದರೆ ಆ ನೇರ ಗೆರೆ ಬೆಳವಾಡಿಯ ಪಕ್ಕದಲ್ಲೇ ಹಾಯುತ್ತದೆ ಮತ್ತು ಪಟ್ಟಿಯ ದಪ್ಪಕ್ಕೆ ಅಲ್ಲಿನ ವಿಷ್ಣುವಾದ ವೀರನಾರಾಯಣನೂ ಒಳಗೆ ಬರುತ್ತಾನೆ. ಆದ್ದರಿಂದ ಹೊರಗಿನ ಯಾವುದೇ ಬಿಂದುವಿಗೆ ಪಟ್ಟಿಯ ಅರ್ಧ ದಪ್ಪಕ್ಕಿಂತ ಹತ್ತಿರ ಬರುವ ಕೊಂಬೆಯ ಉದ್ದವನ್ನು ಹತ್ತು ಪಟ್ಟು ಎಂದು ಎಣಿಸುವಂತೆ ಮಾಡಿದೆ. ಕೂಡಲೇ ಮರ ಅಮೃತಾಪುರವನ್ನು ಅರಸೀಕೆರೆಯ ಮೂಲಕ ಸೇರಿಸಿತು. ಹೊರಗಿನ ಬಿಂದುಗಳನ್ನು ಸುತ್ತಿ ಹೋಗುವ ಇದೇ ವಿಚಾರವನ್ನು ಸಂಶೋಧಕರಾದ ಕಾಲಿನ್ಸ್, ಪೆನ್ ಮತ್ತು ಕಾರ್ಪೆಂಡೇಲ್ 2009ರಲ್ಲಿ ಬಬಲ್ ಸೆಟ್ಸ್ ಎಂಬ ವಿಧಾನದಲ್ಲಿ ಇನ್ನೂ ನಯವಾದ ಅಂಚಿನೊಂದಿಗೆ ಮಾಡಿ ತೋರಿಸಿದ್ದಾರೆ. ಬಿಂದುಗಳು ನೂರಾರು ಇದ್ದರೆ ಅದನ್ನೇ ಬಳಸುವುದು ಒಳ್ಳೆಯದು.

ಉಳಿದದ್ದು ಜೆರಾಕ್ಸ್. ವಿದ್ಯಾರ್ಥಿಗಳ ಕೈಗೆ ಹೋಗುವುದು ಕಪ್ಪು ಬಿಳುಪಿನ ಪ್ರತಿ, ಅದರಲ್ಲಿ ಎರಡು ಬಣ್ಣಗಳೂ ಒಂದೇ ಬೂದು ಬಣ್ಣವಾಗುತ್ತವೆ. ಅದಕ್ಕಾಗಿ ಶಿವನ ಪಟ್ಟಿಯನ್ನು ತಿಳಿ ಬೂದು ಬಣ್ಣದಲ್ಲಿ ತುಂಬಿ, ವಿಷ್ಣುವಿನದನ್ನು ಅಂಚುಗೆರೆಯಾಗಿ ಮಾತ್ರ ಉಳಿಸಿದೆ. ಪಟ್ಟಿಗೆ ಅಂಚು ಬರಬೇಕಾದರೆ ಮೊದಲು ದಪ್ಪನೆಯ ಕಪ್ಪು ಗೆರೆ, ಅದರ ಮೇಲೆ ತುಸು ತೆಳುವಾದ ಬಿಳಿ ಗೆರೆ ಎಳೆಯಬೇಕು. ಹಾಗೆಯೇ ಬಿಟ್ಟರೆ ಆ ಬಿಳಿ ಕೆಳಗಿನ ಬೂದು ಪಟ್ಟಿಯನ್ನು ಅಳಿಸಿಬಿಡುತ್ತದೆ. ಎರಡು ಗೆರೆಗಳನ್ನೂ ಒಂದು ಗ್ರೂಪ್ ಮಾಡಿ, ಇಡೀ ಗ್ರೂಪನ್ನು ಮಲ್ಟಿಪ್ಲೈ ಬ್ಲೆಂಡ್‌ನಲ್ಲಿ (ಮೇಲಿನ ಬಣ್ಣವನ್ನು ಕೆಳಗಿನದರೊಂದಿಗೆ ಗುಣಿಸಿ ಬೆರೆಸುವ ಕ್ರಮದಲ್ಲಿ) ಪುಟದ ಮೇಲೆ ಇಟ್ಟಾಗ ಬಿಳಿ ಯಾವುದನ್ನೂ ಮುಚ್ಚದೆ ಕಪ್ಪು ಅಂಚು ಮಾತ್ರ ಉಳಿಯುತ್ತದೆ. ಹಾರನಹಳ್ಳಿ, ಮೊಸಳೆ, ದೊಡ್ಡಗದ್ದವಳ್ಳಿಗಳು ಬೂದು ಪಟ್ಟಿಯ ಮೇಲೂ ಅಂಚಿನ ಒಳಗೂ ಇರುವುದು ಜೆರಾಕ್ಸ್ ಪ್ರತಿಯಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ.