ಗುದ್ದಿದರೆ ಬೆಳಗುವ ಮೀಟರ್: ಬಿರುಕು ಬಿಟ್ಟ ಬೆಸುಗೆಯನ್ನು ಸರಿಪಡಿಸುವುದು ಹೇಗೆ?

ಮಂಡ್ಯದಿಂದ ಮೈಸೂರಿಗೆ ದಿನವೂ ಓಡಾಡುವ ನನ್ನ ಹಳೆಯ ಸಣ್ಣ ಕಾರಿನ ಮೀಟರು ಕಳೆದ ಬೇಸಿಗೆಯಲ್ಲಿ ಒಂದು ವಿಚಿತ್ರ ಅಭ್ಯಾಸವನ್ನು ಕಲಿತಿತ್ತು. ಬೆಳಿಗ್ಗೆ ಹೊರಡುವಾಗ ಎಲ್ಲವೂ ಸರಿಯಾಗಿರುತ್ತಿತ್ತು. ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ನಿಂತ ಕಾರಿಗೆ ಮರಳಿ ಬಂದು ಕೀ ತಿರುಗಿಸಿದರೆ ವೇಗದ ಮುಳ್ಳು, ಪೆಟ್ರೋಲಿನ ಮುಳ್ಳು ಎರಡೂ ಮಲಗಿರುತ್ತಿದ್ದವು. ದಾರಿಯಲ್ಲಿ ಒಂದು ಹಂಪ್ ಹತ್ತಿಳಿದಾಗಲೋ, ಡ್ಯಾಶ್‌ಬೋರ್ಡಿನ ನೆತ್ತಿಗೆ ಅಂಗೈಯಿಂದ ಒಂದು ಗುದ್ದು ಕೊಟ್ಟಾಗಲೋ ಮತ್ತೆ ಎದ್ದು ಕೂರುತ್ತಿದ್ದವು. ಗ್ಯಾರೇಜಿನವರು ಇಡೀ ಮೀಟರನ್ನೇ ಬದಲಿಸಬೇಕೆಂದರು. ಆದರೆ ಗುದ್ದಿದರೆ ಬೆಳಗುವ ಬೋರ್ಡು, ಅಂದರೆ ಮೀಟರಿನೊಳಗಿನ ಎಲೆಕ್ಟ್ರಾನಿಕ್ ಹಲಗೆ, ಸತ್ತಿರುವುದಿಲ್ಲ. ಅದರ ಎಲ್ಲೋ ಒಂದು ಬೆಸುಗೆ ಕೂದಲೆಳೆಯಷ್ಟು ಬಿರಿದು, ಒಮ್ಮೆ ಕೂಡುತ್ತ ಒಮ್ಮೆ ಬಿಡುತ್ತ ಇರುತ್ತದೆ. ರೇಡಿಯೊ, ಟಿ.ವಿ. ರಿಪೇರಿಯವರು ಇದನ್ನು ‘ಡ್ರೈ ಸೋಲ್ಡರ್’ ಎನ್ನುತ್ತಾರೆ. ಇದನ್ನು ಸರಿಪಡಿಸಲು ಬೇಕಾದ ಸಮಯ ಹತ್ತು ನಿಮಿಷ. ಹುಡುಕಲು ಬೇಕಾದದ್ದು ಒಂದು ಭಾನುವಾರ.

ಬಿರುಕು ಏಕೆ ಬರುತ್ತದೆ ಎಂಬುದು ತಿಳಿದಿದ್ದರೆ ಎಲ್ಲಿ ನೋಡಬೇಕೆಂಬುದೂ ತಿಳಿಯುತ್ತದೆ. ಬೋರ್ಡು ಗಾಜಿನ ನಾರು ಮತ್ತು ಎಪಾಕ್ಸಿ ಸೇರಿಸಿ ಮಾಡಿದ ಹಲಗೆ. ಅದರ ರಂಧ್ರದಲ್ಲಿ ನಿಂತಿರುವ ಪಿನ್ನು ಲೋಹದ್ದು. ಬಿಸಿಯಾದಾಗ ಈ ಹಲಗೆ ತನ್ನ ದಪ್ಪದ ದಿಕ್ಕಿನಲ್ಲಿ ತಾಮ್ರಕ್ಕಿಂತ ಮೂರು, ನಾಲ್ಕು ಪಟ್ಟು ಹೆಚ್ಚು ಹಿಗ್ಗುತ್ತದೆ. ಎರಡರ ನಡುವೆ ಸಿಕ್ಕಿರುವ ಬೆಸುಗೆ ದಿನಕ್ಕೆರಡು ಬಾರಿ ಎಳೆದಾಟಕ್ಕೆ ಒಳಗಾಗಿ, ವರ್ಷಗಳು ಕಳೆದಂತೆ ಪಿನ್ನಿನ ಸುತ್ತ ಉಂಗುರದ ಆಕಾರದಲ್ಲಿ ಬಿರಿಯುತ್ತದೆ. ರಸ್ತೆಯ ಅದುರು ಉಳಿದ ಕೆಲಸವನ್ನು ಮಾಡುತ್ತದೆ. ಹಾಗಾಗಿ ಭಾರವಾದ ಭಾಗಗಳು, ಕೈಯಿಂದ ಎಳೆದು ತಳ್ಳುವ ಭಾಗಗಳು ಮತ್ತು ಬಿಸಿಯಾಗುವ ಭಾಗಗಳು ಮೊದಲು ಶಂಕಿತರು: ವೈರು ಸಿಕ್ಕಿಸುವ ಸಾಕೆಟ್ಟಿನ ಪಿನ್ನುಗಳು, ರಿಲೇಗಳು (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳು), ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರು, ದೊಡ್ಡ ಕೆಪಾಸಿಟರುಗಳು (ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಡಬ್ಬಿಗಳು).

ಮುಂದುವರಿಯುವ ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಏರ್‌ಬ್ಯಾಗ್, ಎಬಿಎಸ್ ಬ್ರೇಕ್ ಮತ್ತು ವಿದ್ಯುತ್ ಸ್ಟಿಯರಿಂಗ್‌ಗಳ ಬೋರ್ಡುಗಳಿಗೆ ಮನೆಯಲ್ಲಿ ಕೈ ಹಾಕಲೇಬಾರದು. ಅಲ್ಲಿ ಬೆಸುಗೆ ಕೈಕೊಟ್ಟರೆ ಕೈಕೊಡುವುದು ಮುಳ್ಳಲ್ಲ, ಪ್ರಾಣ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ನೂರಾರು ವೋಲ್ಟ್ ಹರಿಯುವುದರಿಂದ ಅವನ್ನೂ ಬಿಡಬೇಕು. ವಾರಂಟಿ ಮುಗಿಯದ ಕಾರನ್ನು ಬಿಚ್ಚುವುದು ಜಾಣತನವಲ್ಲ. ಮೀಟರ್, ಎ.ಸಿ.ಯ ಗುಂಡಿಗಳ ಬೋರ್ಡ್, ಪವರ್ ವಿಂಡೋ ಸ್ವಿಚ್ಚಿನ ಬೋರ್ಡ್, ಸ್ಟೀರಿಯೊ, ಇವು ಕಲಿಯುವವರಿಗೆ ತಕ್ಕವು. ಈ ಲೇಖನ ಮೀಟರನ್ನೇ ಹಿಡಿದು ಹೇಳುತ್ತದೆ.

ಸಾಮಗ್ರಿಗಾಗಿ ಬೆಂಗಳೂರಿನ ಎಸ್‌.ಪಿ. ರಸ್ತೆಯವರೆಗೆ ಹೋಗಬೇಕಾಗಿಲ್ಲ, ರಿಪೇರಿಯವರಿಗೆ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ. ಉಷ್ಣತೆಯನ್ನು ಹೊಂದಿಸಬಲ್ಲ ಸೋಲ್ಡರಿಂಗ್ ಸ್ಟೇಷನ್ ಇದ್ದರೆ ಒಳ್ಳೆಯದು, ಇಲ್ಲವಾದರೆ 25ರಿಂದ 40 ವ್ಯಾಟಿನ, ಮೂರು ಪಿನ್ನಿನ ಪ್ಲಗ್ ಇರುವ ಸೋಲ್ಡರಿಂಗ್ ಐರನ್ (ಬೆಸೆಯುವ ಬಿಸಿ ಕಡ್ಡಿ) ಸಾಕು. ಮೂರನೆಯ ಪಿನ್ನು, ಅಂದರೆ ಅರ್ತ್, ಇಲ್ಲದ ಅಗ್ಗದ ಐರನ್ನಿನ ತುದಿಯಲ್ಲಿ ಸೋರುವ ವಿದ್ಯುತ್ತು ಬೋರ್ಡಿನ ಚಿಪ್‌ಗಳನ್ನು ಕೆಡಿಸಬಲ್ಲದು. ಸೋಲ್ಡರ್ ತಂತಿಯಲ್ಲಿ, ಅಂದರೆ ಬೆಸುಗೆಗೆ ಕರಗಿಸುವ ಲೋಹದ ತಂತಿಯಲ್ಲಿ, 63 ಪಾಲು ತವರ, 37 ಪಾಲು ಸೀಸ ಇರುವುದನ್ನು ಕೇಳಿ ಪಡೆಯಿರಿ; ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುವುದರಿಂದ ಹೊಸಬರ ಕೈ ನಡುಕವನ್ನು ಕ್ಷಮಿಸುತ್ತದೆ. ದಪ್ಪ 0.8 ಮಿ.ಮೀ. ಇರಲಿ, ಒಳಗೆ ರೋಸಿನ್ ಫ್ಲಕ್ಸ್ (ಲೋಹವನ್ನು ಶುದ್ಧಗೊಳಿಸಿ ಸೋಲ್ಡರ್ ಅಂಟಲು ನೆರವಾಗುವ, ಮರದ ರಾಳದ ವಸ್ತು) ತುಂಬಿರಲಿ. ತಗಡು ಬೆಸೆಯುವವರು ಬಳಸುವ ಆಸಿಡ್ ಫ್ಲಕ್ಸನ್ನು ಬೋರ್ಡಿನ ಹತ್ತಿರವೂ ತರಬೇಡಿ. ಅದು ತಾಮ್ರವನ್ನು ನಿಧಾನವಾಗಿ ತಿನ್ನುತ್ತದೆ. ಇವುಗಳ ಜೊತೆಗೆ ಹಳೆಯ ಸೋಲ್ಡರನ್ನು ಹೀರುವ ಪಂಪ್, ಸ್ವಲ್ಪ ದ್ರವರೂಪದ ಫ್ಲಕ್ಸ್, ಐಸೋಪ್ರೊಪೈಲ್ ಆಲ್ಕೊಹಾಲ್, ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಭೂತಗನ್ನಡಿ, ಸಣ್ಣ ಟಾರ್ಚ್ ಮತ್ತು ವೋಲ್ಟೇಜನ್ನೂ ಸಂಪರ್ಕವನ್ನೂ ಪರೀಕ್ಷಿಸುವ ಮಲ್ಟಿಮೀಟರ್ ಬೇಕು.

ಬೋರ್ಡಿನ ಮೇಲೆ ಅನುಮಾನ ಪಡುವ ಮೊದಲು ಫ್ಯೂಸು, ಬ್ಯಾಟರಿಯ ತುದಿಗಳು, ಕಾರಿನ ಲೋಹದ ಮೈಗೆ ಬಿಗಿದಿರುವ ಅರ್ತ್ ವೈರು, ಇವನ್ನು ನೋಡಿ. ಎಂಜಿನ್ ನಿಂತಿರುವಾಗ ಆರೋಗ್ಯವಂತ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಓಡುತ್ತಿರುವಾಗ 14ರ ಆಸುಪಾಸು. ಬಳಿಕ ಬ್ಯಾಟರಿಯ ಮೈನಸ್ ವೈರನ್ನು ಕಳಚಿ, ಕೆಲವು ನಿಮಿಷ ಕಾದು, ಸ್ಟಿಯರಿಂಗನ್ನು ಕೆಳಕ್ಕೆ ಇಳಿಸಿ, ಮೀಟರಿನ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನೂ ಸ್ಕ್ರೂಗಳನ್ನೂ ತೆಗೆದು ಮೀಟರನ್ನು ವೈರಿನ ಸಮೇತ ಮುಂದಕ್ಕೆ ಎಳೆಯಿರಿ. ಹಳದಿ ಹೊದಿಕೆಯ ವೈರು ಅಥವಾ ಹಳದಿ ಪ್ಲಗ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ. ಪ್ಲಗ್ಗನ್ನು ಕಳಚದೆಯೇ ಬ್ಯಾಟರಿಯನ್ನು ಮತ್ತೆ ಜೋಡಿಸಿ ಕೀ ತಿರುಗಿಸಿ, ಪ್ಲಗ್ಗಿನ ಹಿಂಬದಿಯಿಂದ ಮಲ್ಟಿಮೀಟರಿನ ಮೊನೆಯನ್ನು ತಾಗಿಸಿ ನೋಡಬೇಕು. ಪ್ಲಗ್ ಕಳಚಿರುವಾಗ ಕೀ ತಿರುಗಿಸಿದರೆ ಕೆಲವು ಕಾರುಗಳ ಕಂಪ್ಯೂಟರಿನಲ್ಲಿ ಏರ್‌ಬ್ಯಾಗ್ ದೋಷ ದಾಖಲಾಗಿ, ಇಲ್ಲದ ಕೆಲಸ ಹೆಚ್ಚುತ್ತದೆ. ಮುಳ್ಳುಗಳು ಮಲಗಿರುವಾಗಲೂ ಪ್ಲಗ್ಗಿನಲ್ಲಿ 12 ವೋಲ್ಟ್ ಇದೆ, ಅರ್ತ್ ಸರಿಯಿದೆ ಎಂದಾದರೆ ದೋಷ ಬೋರ್ಡಿನಲ್ಲೇ ಇದೆ. ಈಗ ಬ್ಯಾಟರಿಯನ್ನು ಮತ್ತೆ ಬಿಡಿಸಿ, ಪ್ಲಗ್ಗಿನ ಕೊಂಡಿಯನ್ನು ಒತ್ತಿ ಮೀಟರನ್ನು ಹೊರತೆಗೆಯಿರಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡರೆ, ಸಂಜೆ ಎರಡು ಸ್ಕ್ರೂ ಉಳಿದುಬಿಡುವ ಪ್ರಸಂಗ ಬರುವುದಿಲ್ಲ.

ಮೀಟರಿನ ಹಿಂಬದಿಯ ಮುಚ್ಚಳವನ್ನು ತೆಗೆದಾಗ ಬೋರ್ಡಿನ ಬೆಸುಗೆಯ ಮೈ ಕಾಣುವ ಮಾದರಿಯಾದರೆ ನಿಮ್ಮ ಅದೃಷ್ಟ. ಮುಳ್ಳುಗಳನ್ನು ಕಿತ್ತ ಹೊರತು ಬೋರ್ಡು ಹೊರಬಾರದ ಮಾದರಿಗಳೂ ಇವೆ. ಮುಳ್ಳನ್ನು ಕಿತ್ತು ಸ್ವಲ್ಪ ಆಚೀಚೆ ಕೂರಿಸಿದರೂ 60ರಲ್ಲಿ ಹೋಗುವ ಕಾರು 70 ಎಂದು ಹೇಳತೊಡಗುತ್ತದೆ. ಆ ಬಗೆಯದನ್ನು ಅನುಭವಸ್ಥರಿಗೆ ಬಿಡುವುದೇ ಲೇಸು. ಬೋರ್ಡನ್ನು ಅಂಚಿನಲ್ಲಿ ಹಿಡಿಯಿರಿ, ಹಿಡಿಯುವ ಮೊದಲು ಅರ್ತ್ ಆದ ಲೋಹವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಿ, ಪಾಲಿಯೆಸ್ಟರ್ ಅಂಗಿ ಬೇಡ. ಓಡಿದ ಕಿಲೋಮೀಟರಿನ ಲೆಕ್ಕವನ್ನು ಇಟ್ಟುಕೊಂಡಿರುವ ಪುಟ್ಟ ಚಿಪ್ ಇದೇ ಬೋರ್ಡಿನ ಮೇಲಿರುತ್ತದೆ.

ಇನ್ನು ನೋಡುವ ಕೆಲಸ, ಇದಕ್ಕೆ ಅವಸರ ಸಲ್ಲದು. ಹಗಲು ಬೆಳಕಿನಲ್ಲಿ ನೇರವಾಗಿ ನೋಡಿದರೆ ಎಲ್ಲ ಬೆಸುಗೆಗಳೂ ಸಾಚಾ ಆಗಿಯೇ ಕಾಣುತ್ತವೆ. ಕೋಣೆಯನ್ನು ಸ್ವಲ್ಪ ಕತ್ತಲು ಮಾಡಿ, ಟಾರ್ಚನ್ನು ಬೋರ್ಡಿಗೆ ಸಮಾನಾಂತರವಾಗಿ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದೇ ಪಿನ್ನನ್ನು ನೋಡುತ್ತ ಬನ್ನಿ. ಬಿರಿದ ಬೆಸುಗೆಯಲ್ಲಿ ಪಿನ್ನಿನ ಸುತ್ತ ಕಪ್ಪು ಉಂಗುರವೊಂದು ನೆರಳಿನಂತೆ ಮೂಡುತ್ತದೆ. ಬೂದು ಬಣ್ಣವನ್ನು ಮಾತ್ರ ನೋಡಿ ತೀರ್ಪು ಕೊಡಬೇಡಿ. ಸೀಸವಿರುವ ಬೆಸುಗೆ ಮಂಕಾಗಿದ್ದರೆ ಅನುಮಾನಿಸಬಹುದು, ಆದರೆ ಸೀಸರಹಿತ ಬೆಸುಗೆಯ ಸಹಜ ಬಣ್ಣವೇ ಮಂಕು. ಬಳಿಕ ಊದುಬತ್ತಿಯ ಬಿದಿರು ಕಡ್ಡಿಯೊಂದನ್ನು ತೆಗೆದುಕೊಂಡು (ಮೈಸೂರಿನ ಮನೆಗಳಲ್ಲಿ ಇದಕ್ಕೆ ಬರವಿಲ್ಲ, ಲೋಹವಲ್ಲದ್ದರಿಂದ ಶಾರ್ಟ್ ಆಗುವ ಭಯವೂ ಇಲ್ಲ) ಪ್ರತಿ ಭಾಗವನ್ನೂ ಮೆಲ್ಲಗೆ ಒತ್ತಿ ಅಲುಗಿಸಿ. ಮಲ್ಟಿಮೀಟರನ್ನು ಸದ್ದು ಮಾಡುವ ಸ್ಥಾನಕ್ಕಿಟ್ಟು, ಒಂದು ಮೊನೆಯನ್ನು ಪಿನ್ನಿನ ಮೇಲೂ ಇನ್ನೊಂದನ್ನು ಅದೇ ಪಿನ್ನಿನಿಂದ ಹೊರಡುವ ತಾಮ್ರದ ಗೆರೆಯ ಮುಂದಿನ ಬೆಸುಗೆಯ ಮೇಲೂ ಇಟ್ಟುಕೊಂಡು ಅಲುಗಿಸಿದಾಗ ಸದ್ದು ತುಂಡಾದರೆ ಕಳ್ಳ ಸಿಕ್ಕಿದಂತೆ. ನನ್ನ ಬೋರ್ಡಿನಲ್ಲಿ ಕಳ್ಳರಿಬ್ಬರಿದ್ದರು: ಸಾಕೆಟ್ಟಿನ ಅರ್ತ್ ಪಿನ್ನು ಮತ್ತು ಅದರ ಪಕ್ಕದ್ದು. ಕೆಪಾಸಿಟರಿನ ತಲೆ ಉಬ್ಬಿದ್ದರೆ ಅಥವಾ ಬುಡದಲ್ಲಿ ಕಂದು ಕಲೆ ಇದ್ದರೆ ಬೆಸುಗೆ ಹಾಕಿ ಪ್ರಯೋಜನವಿಲ್ಲ, ಅದನ್ನೇ ಬದಲಿಸಬೇಕು.

ಬೆಸುಗೆ ಹಾಕುವಾಗ ಬಹಳ ಜನ ಮಾಡುವ ತಪ್ಪು ಒಂದೇ. ಐರನ್ನಿನ ತುದಿಗೆ ಸೋಲ್ಡರನ್ನು ಮೆತ್ತಿಕೊಂಡು ಬಂದು, ಗೋಡೆಗೆ ಸುಣ್ಣ ಬಳಿಯುವಂತೆ ಹಳೆಯ ಬೆಸುಗೆಯ ಮೇಲೆ ಬಳಿಯುತ್ತಾರೆ. ದಾರಿಯಲ್ಲೇ ಫ್ಲಕ್ಸ್ ಸುಟ್ಟುಹೋಗಿರುತ್ತದೆ, ಕೆಳಗಿನ ಲೋಹ ತಣ್ಣಗೇ ಇರುತ್ತದೆ, ಬಿರುಕಿನ ಮೇಲೆ ಒಂದು ಟೋಪಿ ಕೂರುತ್ತದೆ ಅಷ್ಟೆ. ಮೂರು ತಿಂಗಳಲ್ಲಿ ಮತ್ತೆ ಗುದ್ದು. ಬಿಸಿಯಾಗಬೇಕಾದದ್ದು ಪಿನ್ನು ಮತ್ತು ಬೋರ್ಡಿನ ಮೇಲಿನ ತಾಮ್ರದ ಬಿಲ್ಲೆ, ಎರಡೂ ಒಟ್ಟಿಗೆ.

ಮೊದಲು ಆ ಜಾಗವನ್ನು ಆಲ್ಕೊಹಾಲಿನಿಂದ ಉಜ್ಜಿ. ವಾರ್ನಿಷ್‌ನಂಥ ರಕ್ಷಣೆಯ ಪದರವಿದ್ದರೆ ಮೆಲ್ಲಗೆ ಕೆರೆದು ತೆಗೆಯಿರಿ. ಐರನ್ನನ್ನು ಸುಮಾರು 350 ಡಿಗ್ರಿಗೆ ಇಟ್ಟು, ತುದಿಯನ್ನು ಒದ್ದೆ ಸ್ಪಂಜಿನಲ್ಲಿ ಒರೆಸಿ, ಅದು ಬೆಳ್ಳಿಯಂತೆ ಹೊಳೆಯುವ ಹಾಗೆ ತೆಳ್ಳಗೆ ಸೋಲ್ಡರ್ ಹಿಡಿಸಿ. ಹಳೆಯ ಬೆಸುಗೆ ಸೀಸರಹಿತವಾದರೆ ಅದು ಸುಮಾರು 217 ಡಿಗ್ರಿಯವರೆಗೆ ಕರಗುವುದಿಲ್ಲ. ಆಗ ಒಂದು ಹನಿ ಫ್ಲಕ್ಸ್ ಮತ್ತು ಸ್ವಲ್ಪ ಹೊಸ ಸೋಲ್ಡರ್ ಬೆರೆಸಿದರೆ ಎಲ್ಲವೂ ಸುಲಭವಾಗಿ ಕರಗಿ ಪಂಪಿಗೆ ಬರುತ್ತದೆ. ಹಳೆಯದನ್ನು ಹೀರಿದ ಮೇಲೆ, ಐರನ್ನಿನ ತುದಿಯನ್ನು ಪಿನ್ನಿಗೂ ಬಿಲ್ಲೆಗೂ ಒಟ್ಟಿಗೆ ತಾಗುವಂತೆ ಒರಗಿಸಿ, ಒಂದೆರಡು ಸೆಕೆಂಡು ಕಾದು, ಎದುರು ಬದಿಯಿಂದ ಸೋಲ್ಡರ್ ತಂತಿಯನ್ನು ಪಿನ್ನಿಗೆ ಮುಟ್ಟಿಸಿ. ಲೋಹ ಸಾಕಷ್ಟು ಕಾದಿದ್ದರೆ ಸೋಲ್ಡರ್ ತಾನಾಗಿಯೇ ನೀರಿನಂತೆ ಸುತ್ತ ಹರಿಯುತ್ತದೆ. ಮೊದಲು ತಂತಿಯನ್ನು, ಆಮೇಲೆ ಐರನ್ನನ್ನು ತೆಗೆಯಿರಿ. ಗಟ್ಟಿಯಾಗುವವರೆಗೆ ಉಸಿರು ಬಿಗಿಹಿಡಿದಾದರೂ ಸರಿ, ಬೋರ್ಡು ಅಲುಗದಂತೆ ನೋಡಿಕೊಳ್ಳಿ. ಎಲ್ಲ ಸೇರಿ ನಾಲ್ಕೈದು ಸೆಕೆಂಡು ಮೀರಬಾರದು. ಒಳ್ಳೆಯ ಬೆಸುಗೆ ಬೆಟ್ಟದ ತಪ್ಪಲಿನಂತೆ ಒಳಬಾಗಿ ಇಳಿದು ಬಿಲ್ಲೆಯಲ್ಲಿ ಸೇರಿಹೋಗಿರುತ್ತದೆ. ಮಣಿಯಂತೆ ಉರುಟಾಗಿ ಕೂತಿದ್ದರೆ ಅದು ಅಂಟಿಲ್ಲ.

ಅರ್ತ್ ಪಿನ್ನು ಅಗಲವಾದ ತಾಮ್ರದ ಹಾಳೆಗೆ ಸೇರಿರುವುದರಿಂದ ಬಿಸಿಯನ್ನೆಲ್ಲ ಹೀರಿಕೊಂಡು ಸತಾಯಿಸುತ್ತದೆ. ಅಲ್ಲಿ ಹೆಚ್ಚು ಹೊತ್ತು ಒತ್ತಿ ಹಿಡಿಯುವ ಬದಲು ಅಗಲ ತುದಿಯ ಬಿಟ್ ಹಾಕಿಕೊಳ್ಳಿ, ಏಕೆಂದರೆ ಹೊತ್ತು ಮೀರಿದರೆ ಬಿಲ್ಲೆಯೇ ಬೋರ್ಡಿನಿಂದ ಎದ್ದುಬರುತ್ತದೆ. ಎದ್ದುಬಂದರೆ ತೆಳ್ಳಗಿನ ವೈರಿನ ತುಂಡೊಂದನ್ನು ಪಿನ್ನಿನಿಂದ ಅದೇ ಗೆರೆಯ ಮುಂದಿನ ಬೆಸುಗೆಗೆ ಎಳೆದು ಜೋಡಿಸಬಹುದು. ನೋಡಲು ಚೆಂದವಿರುವುದಿಲ್ಲ, ಕೆಲಸ ನಡೆಯುತ್ತದೆ.

ಹೊಗೆ ಬಹುಮಟ್ಟಿಗೆ ಫ್ಲಕ್ಸಿನದು. ಸೀಸ ಈ ಉಷ್ಣತೆಯಲ್ಲಿ ಆವಿಯಾಗುವುದಿಲ್ಲವಾದರೂ ರೋಸಿನ್ ಹೊಗೆ ಶ್ವಾಸಕೋಶಕ್ಕೆ ಹಿತವಲ್ಲ, ಕಿಟಕಿ ತೆರೆದಿರಲಿ. ಸೀಸ ಒಳಹೋಗುವುದು ಕೈಯಿಂದ ಬಾಯಿಗೆ; ಆದ್ದರಿಂದ ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳನ್ನು ದೂರವಿಡಿ.

ಕೊನೆಗೆ ಬ್ರಷ್ಷಿಗೆ ಆಲ್ಕೊಹಾಲ್ ಹಾಕಿ ಫ್ಲಕ್ಸಿನ ಅಂಟನ್ನು ತೊಳೆದು, ಪಕ್ಕಪಕ್ಕದ ಪಿನ್ನುಗಳ ನಡುವೆ ಸೋಲ್ಡರ್ ಸೇತುವೆ ಕಟ್ಟಿಲ್ಲವೆಂದು ಭೂತಗನ್ನಡಿಯಿಂದಲೂ ಮಲ್ಟಿಮೀಟರಿನಿಂದಲೂ ಖಚಿತಪಡಿಸಿಕೊಳ್ಳಿ. ಮೀಟರಿಗೆ ಪ್ಲಗ್ ಸಿಕ್ಕಿಸಿ, ಅನಂತರವೇ ಬ್ಯಾಟರಿಯನ್ನು ಜೋಡಿಸಿ. ಕೆಲವು ಸ್ಟೀರಿಯೊಗಳು ಈ ಹೊತ್ತಿನಲ್ಲಿ ಕೋಡ್ ಕೇಳುತ್ತವೆ, ಅದನ್ನು ಮೊದಲೇ ಹುಡುಕಿಟ್ಟುಕೊಂಡಿರಿ. ಕೀ ತಿರುಗಿಸಿದಾಗ ಎಚ್ಚರಿಕೆಯ ದೀಪಗಳೆಲ್ಲ ಹೊತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಸ್ಕ್ರೂ ಬಿಗಿಯುವ ಮೊದಲೇ ತಲೆಗೂದಲು ಒಣಗಿಸುವ ಡ್ರೈಯರಿನಿಂದ ಮೀಟರಿನ ಹಿಂಬದಿಗೆ ಸ್ವಲ್ಪ ಬಿಸಿಗಾಳಿ ಬಿಟ್ಟು, ಬೆರಳಿನಿಂದ ತಟ್ಟಿ ನೋಡಿ. ಮುಳ್ಳುಗಳು ಮತ್ತೆ ಮಲಗದಿದ್ದರೆ ಚೌಕಟ್ಟನ್ನು ಕೂರಿಸಬಹುದು.

ಮತ್ತೆ ಅದೇ ಲಕ್ಷಣ ಕಂಡರೆ ಅದೇ ಪಿನ್ನಿನ ಮೇಲೆ ಮತ್ತಷ್ಟು ಸೋಲ್ಡರ್ ಸುರಿಯಬೇಡಿ. ಪ್ಲಗ್ಗಿನ ಒಳಗಿನ ಹಿತ್ತಾಳೆಯ ತುಟಿಗಳು ಸಡಿಲಾಗಿವೆಯೇ, ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಅದೂ ಸರಿಯಿದ್ದರೆ ಬೋರ್ಡನ್ನು ರಿಪೇರಿಯವರ ಬಳಿಗೆ ಒಯ್ಯುವ ಹೊತ್ತು ಬಂದಿದೆ. ಒಯ್ಯುವಾಗ ನೀವು ಯಾವ ಯಾವ ಪಿನ್ನನ್ನು ಮುಟ್ಟಿದ್ದೀರಿ ಎಂಬುದನ್ನು ಫೋಟೊದ ಮೇಲೆ ಗುರುತು ಹಾಕಿ ತೋರಿಸಿ.